ಎಳೆದು ಆಡುವ ಮಾತೂ ಬೇಸಾಯದ ಸಲಹೆಯೂ



ಕಳೆಯ ಹತೋಟಿ, ಸಾಲಿನ ಅಂತರ, ಗೊಬ್ಬರದ ಪ್ರಮಾಣ ಇವುಗಳ ಬಗ್ಗೆ ಬರೆಯುತ್ತ ಬಂದವನು ಈ ಸಲ ಮಾತಿನ ಬಗ್ಗೆ ಬರೆಯಹೊರಟಿದ್ದಾನೆಂದರೆ ತಮಗೆ ಆಶ್ಚರ್ಯವಾದೀತು. ಭಾಷಾಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಬ್ಬ ರೈತರ ಮಾತನ್ನು ನಾನು ಕಡೆಯವರೆಗೆ ಕೇಳದೇ ಹೋದ ಕಾರಣ ಅವರ ಒಂದೂವರೆ ಎಕರೆ ಹತ್ತಿಗೆ ಪೆಟ್ಟು ಬಿತ್ತು. ಅವರು ಮಾತು ಎಳೆಯುತ್ತಿದ್ದರು, ನನಗೆ ತಾಳ್ಮೆ ಇರಲಿಲ್ಲ. ಆದುದರಿಂದ ಇದು ಬೇಸಾಯ ಶಾಸ್ತ್ರಕ್ಕೂ ಸೇರಿದ ವಿಷಯವೆಂದು ತಿಳಿದು ಬರೆಯುತ್ತಿದ್ದೇನೆ.

ದೇವರಾಜ ಮೊಹಲ್ಲಾದ ನಮ್ಮ ಮನೆಯಿಂದ ದೇವರಾಜ ಮಾರುಕಟ್ಟೆಗೆ ಐದು ನಿಮಿಷದ ನಡಿಗೆ. ಮೈಸೂರಿಗೆ ಬಂದ ರೈತರಲ್ಲಿ ಈ ಮಾರುಕಟ್ಟೆಯನ್ನು ನೋಡದವರು ಕಡಮೆ. ಅದರ ಧನ್ವಂತ್ರಿ ರಸ್ತೆಯ ಕಡೆಯ ಭಾಗ 2016ರ ಆಗಸ್ಟ್ ತಿಂಗಳಲ್ಲಿ ಕುಸಿದು ಬಿದ್ದದ್ದೂ ತಮಗೆ ನೆನಪಿರಬಹುದು. ನಾನು ಅಲ್ಲಿಗೆ ಹೋಗುವುದು ತರಕಾರಿಗೆ, ಆದರೆ ಹೆಚ್ಚು ಹೊತ್ತು ನಿಲ್ಲುವುದು ಮಾತು ಕೇಳಲಿಕ್ಕೆ. ಚಿಕ್ಕ ಗಡಿಯಾರದ ಬಳಿಯಿಂದ ಒಳಹೊಕ್ಕು ಹೂವಿನ ಸಾಲು, ಬಾಳೆಹಣ್ಣಿನ ಸಾಲು, ವೀಳ್ಯದೆಲೆಯ ಸಾಲು ದಾಟುವಷ್ಟರಲ್ಲಿ ನಾಲ್ಕೈದು ಬಗೆಯ ಕನ್ನಡ ಕಿವಿಗೆ ಬೀಳುತ್ತದೆ. ಮಂಡ್ಯದ ಕಡೆಯವರ ಮಾತು ಕಡ್ಡಿ ಮುರಿದಂತೆ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯವರ ಮಾತು ಕೊನೆಯಲ್ಲಿ ರಾಗವಾಗಿ ಇಳಿಯುತ್ತದೆ. ಹುಣಸೂರು, ಹೆಗ್ಗಡದೇವನಕೋಟೆಯವರದು ಇವೆರಡರ ನಡುವೆ. ಉರ್ದು ಮನೆಮಾತಿನ ವ್ಯಾಪಾರಿಗಳ ಕನ್ನಡಕ್ಕೆ ಅದರದೇ ಲಯ. ಇಷ್ಟು ಜನ ಸೇರಿ ದಿನವಿಡೀ ಮೊಳ, ಮಾರು, ಡಜನ್, ಕೇಜಿ ಲೆಕ್ಕದಲ್ಲಿ ವ್ಯಾಪಾರ ಮಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದೆ ವ್ಯಾಪಾರ ನಿಂತದ್ದನ್ನು ನಾನು ಕಂಡಿಲ್ಲ. "ಬೇಗ ಹೇಳಿ, ಸರಿಯಾಗಿ ಹೇಳಿ" ಎಂದು ಗಿರಾಕಿಗೆ ಗದರಿದ ಹೂವಾಡಗಿತ್ತಿಯನ್ನೂ ಕಂಡಿಲ್ಲ. ಆ ಗದರಿಕೆ ಕೇಳಿಬರುವುದು ನಮ್ಮ ಕಚೇರಿಗಳಲ್ಲಿ, ಮೇಳಗಳ ಮಳಿಗೆಗಳಲ್ಲಿ, ಫೋನಿನಲ್ಲಿ.

ಮೊದಲು ಈ ಎಳೆತವೆಂದರೇನು ಎಂದು ನೋಡೋಣ. ನಮ್ಮ ಭಾಷೆಯಲ್ಲಿ ಹ್ರಸ್ವ ಸ್ವರ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ. ಹೊಲದಲ್ಲಿರುವುದು ಬೆಳೆ, ಸಾರಿಗೆ ಹಾಕುವುದು ಬೇಳೆ. ಕೈಗೆ ತೊಡುವುದು ಬಳೆ, ತೋಟದಲ್ಲಿರುವುದು ಬಾಳೆ. ಹಾಗಿದ್ದ ಮೇಲೆ ಮಾತು ಎಳೆಯುವವರಿಗೆ ಬೆಳೆ ಹೋಗಿ ಬೇಳೆಯಾಗಬೇಕಲ್ಲ? ಎಂದೂ ಆಗುವುದಿಲ್ಲ. ಗಮನವಿಟ್ಟು ಕೇಳಿದರೆ ಗೊತ್ತಾಗುತ್ತದೆ: ಅವರು ಎಳೆಯುವುದು ಪದದ ಬುಡವನ್ನಲ್ಲ, ತುದಿಯನ್ನು. "ಬೆಳೆ ಚೆನ್ನಾಗದೇ…" ಎಂದಾಗ ಬೆಳೆಯ 'ಬೆ' ಹ್ರಸ್ವವಾಗಿಯೇ ಉಳಿದು, ವಾಕ್ಯದ ಕೊನೆಯ ಸ್ವರ ಮಾತ್ರ ಉದ್ದವಾಗುತ್ತದೆ. "ಕಣಪ್ಪಾ", "ಕಣೇಳೂ", "ಅಲ್ವಾ" ಎಂಬ ಕೊನೆಯ ತುಣುಕುಗಳು ಇರುವುದೇ ಈ ಎಳೆತಕ್ಕೆ. ಅಂದರೆ ಎಳೆದು ಮಾತಾಡುವವರು ಸೋಮಾರಿತನದಿಂದ ನಾಲಿಗೆಯನ್ನು ಹೇಗೆಂದರೆ ಹಾಗೆ ಬಿಟ್ಟವರಲ್ಲ. ಎಲ್ಲಿ ಎಳೆಯಬಹುದು, ಎಲ್ಲಿ ಕೂಡದು ಎಂಬ ಕಟ್ಟುನಿಟ್ಟು ಅವರ ಮಾತಿನಲ್ಲಿದೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಹೇಳುವ ರೂಢಿಯಿಂದ ಈ ತುದಿಯ ಎಳೆತ ಬಂದಿರಬಹುದೆಂದು ನನ್ನ ಊಹೆ. ಭಾಷಾ ಪಂಡಿತರು ನಕ್ಕರೆ ನಗಲಿ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಕಾರ ಬಿಟ್ಟುಹೋಗುವುದೂ ಹೀಗೆಯೇ. ಹೊಲ 'ಒಲ'ವಾಗುತ್ತದೆ, ಹಸು 'ಅಸು'ವಾಗುತ್ತದೆ, ಹತ್ತಿ 'ಅತ್ತಿ'ಯಾಗುತ್ತದೆ. ಪಟ್ಟಣದವರು ಇದನ್ನು ಕೇಳಿ ನಗುತ್ತಾರೆ. ಧಾರವಾಡದ ಕಡೆಯವರು ಮನೆಯನ್ನು 'ಮನಿ' ಎಂದೂ ಬೆಳೆಯನ್ನು 'ಬೆಳಿ' ಎಂದೂ ಹೇಳಿದರೆ ಅದೂ ನಗೆಯ ವಿಷಯ. ಕುಂದಾಪುರದವರು ಪದಗಳನ್ನು ಕತ್ತರಿಸಿ ಚಿಕ್ಕದು ಮಾಡಿ ಆಡಿದರೆ ಅದಕ್ಕೂ ನಗು. ಎಳೆದರೂ ತಪ್ಪು, ಕತ್ತರಿಸಿದರೂ ತಪ್ಪು ಎಂದಾದರೆ ಸರಿಯಾದ ಅಳತೆಯ ಮೊಳಕೋಲು ಯಾರ ಕೈಯಲ್ಲಿದೆ? ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಕನ್ನಡದ ಉಪಭಾಷೆಗಳನ್ನು ಊರೂರಿನಲ್ಲಿ ಅಭ್ಯಾಸ ಮಾಡಿಸಿತು. ಯು. ಪಿ. ಉಪಾಧ್ಯಾಯರು ನಂಜನಗೂಡಿನ ಕಡೆಯ ಒಕ್ಕಲಿಗರ ಮಾತಿನ ಮೇಲೆ ಬರೆದ ಪುಸ್ತಕ ಆ ಸಾಲಿಗೆ ಸೇರಿದ್ದು. ಅದೇ ನಂಜನಗೂಡು ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವರು ಬರೆದ 'ಕುಸುಮಬಾಲೆ' 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಪಂಡಿತರು ವ್ಯಾಕರಣ ಬರೆದ ಮಾತು, ಅಕಾಡೆಮಿ ಮನ್ನಿಸಿದ ಮಾತು ನಮ್ಮ ರೈತ ಸಂಪರ್ಕ ಕೇಂದ್ರದ ಕಿಟಕಿಯ ಮುಂದೆ ಬಂದಾಗ ಮಾತ್ರ ದಡ್ಡರ ಮಾತಾಗಿಬಿಡುತ್ತದೆ.

ಇನ್ನು ನನ್ನ ತಪ್ಪಿನ ಕಥೆ. 2014ರ ಜುಲೈ. ಒಂದು ರೈತ ಮೇಳದಲ್ಲಿ ಪ್ರಶ್ನೋತ್ತರದ ಮೇಜಿನ ಹಿಂದೆ ನಾನು ಕುಳಿತಿದ್ದೆ. ಮೇಜಿನ ಮುಂದೆ ಸಾಲು ನಿಂತಿತ್ತು. ಹೆಗ್ಗಡದೇವನಕೋಟೆ ತಾಲ್ಲೂಕಿನ, ಅರವತ್ತರ ಆಸುಪಾಸಿನ ಒಬ್ಬ ಯಜಮಾನರು ಪ್ಲಾಸ್ಟಿಕ್ ಚೀಲದಲ್ಲಿ ಬಾಡಿದ ನಾಲ್ಕು ಎಲೆ ತಂದಿದ್ದರು.

"ಅತ್ತಿ ಎಲೆ ಒಂಥರಾ ಆಗೋಗದೆ ಸ್ವಾಮೀ…" ಎಂದು ಶುರು ಮಾಡಿದರು. "ಆವತ್ತು ನಮ್ಮ ಬಾವ ಬಂದಿದ್ದಾ… ಅದರ ಇಂದ್ಲ ದಿನ ಮಳೆ ಬಂದು ಬುಟ್ಟಿತ್ತೂ…"

ಹತ್ತಿಯ ಎಲೆಗೂ ಭಾವನವರ ಆಗಮನಕ್ಕೂ ಏನು ಸಂಬಂಧವೆಂದು ನನಗೆ ಅನ್ನಿಸಿತು. ಸಾಲಿನ ಹಿಂದಿನವರು ಗೊಣಗತೊಡಗಿದ್ದರು. "ಯಜಮಾನ್ರೇ, ಎಲೆ ಮುದುರಿದೆಯೋ ಇಲ್ಲವೋ? ಬಿಳಿ ನೊಣ, ಜಿಗಿಹುಳು ಏನಾದರೂ ಕಂಡಿರಾ?" ಎಂದು ನಾನೇ ನಡುವೆ ಬಾಯಿ ಹಾಕಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಇರ್ಬೌದೂ…" ಎಂದರು. ದೊಡ್ಡವರ ಮಾತಿಗೆ ಎದುರಾಡಬಾರದೆಂಬ ಸೌಜನ್ಯದ 'ಇರ್ಬೌದು' ಅದು. ನಾನು ಅದನ್ನು ಹೌದೆಂದು ತಿಳಿದೆ. ರಸ ಹೀರುವ ಕೀಟಕ್ಕೆ ಒಂದು ಔಷಧದ ಹೆಸರು, ಲೀಟರಿಗೆ ಇಷ್ಟು, ಹದಿನೈದು ದಿನದ ಮೇಲೆ ಇನ್ನೊಮ್ಮೆ ಎಂದು ಚೀಟಿ ಬರೆದುಕೊಟ್ಟೆ. ಅವರು ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋದರು.

ನವೆಂಬರಿನಲ್ಲಿ ಅವರನ್ನು ನೋಡಿದ್ದು ದೇವರಾಜ ಮಾರುಕಟ್ಟೆಯ ವೀಳ್ಯದೆಲೆಯ ಸಾಲಿನಲ್ಲಿ. ಮಗಳ ಮದುವೆಗೆ ಎಲೆ ಕೊಳ್ಳಲು ಬಂದಿದ್ದರು. ಗುರುತು ಹಿಡಿದವರು ಅವರೇ. ಹತ್ತಿ ಏನಾಯಿತೆಂದು ಕೇಳಿದೆ. ಆ ದಿನ ನನಗೆ ಯಾವ ಅವಸರವೂ ಇರಲಿಲ್ಲ. ಅವರು ಮೇಳದ ದಿನ ಎಲ್ಲಿಂದ ಶುರು ಮಾಡಿದ್ದರೋ ಅಲ್ಲಿಂದಲೇ ಶುರು ಮಾಡಿದರು. ಮಳೆ ಬಂದಿತ್ತು. ಮಾರನೆಯ ದಿನ ಭಾವ ಬಂದಿದ್ದ. ಇವರ ಪಂಪು ಕೆಟ್ಟು ರಿಪೇರಿಗೆ ಕೊಟ್ಟಿದ್ದರು. "ನಂದೇ ತಕ್ಕಂಡೋಗು" ಎಂದು ಭಾವ ಹೇಳಿದ. ಇವರು ಹೋಗಿ ಅವನ ಪಂಪು ಈಸಿಕೊಂಡು ಬಂದರು. ಭಾವ ಅದಕ್ಕೆ ನಾಲ್ಕು ದಿನದ ಹಿಂದೆ ತನ್ನ ಮುಸುಕಿನ ಜೋಳಕ್ಕೆ ಕಳೆ 'ಔಸ್ದಿ' ಹೊಡೆದಿದ್ದ. ಟ್ಯಾಂಕನ್ನು ಒಂದು ಸಲ ನೀರಿನಲ್ಲಿ ಕಲಕಿ ಚೆಲ್ಲಿದ್ದ. ಇವರು ಅದೇ ಪಂಪಿನಲ್ಲಿ ಹತ್ತಿಗೆ ಹುಳುವಿನ ಔಷಧಿ ಹೊಡೆದರು.

ಎಳೆದು ಎಳೆದು ಹೇಳಿದ ಆ ಕಥೆಯ ಕಡೆಯ ವಾಕ್ಯದಲ್ಲಿ ರೋಗದ ಮೂಲವಿತ್ತು. ಭಾವ ಹೊಡೆದಿದ್ದು 2,4-ಡಿ. ಈ ಕಳೆನಾಶಕಕ್ಕೆ ಹತ್ತಿಯಷ್ಟು ನಾಜೂಕಾದ ಬೆಳೆ ಇನ್ನೊಂದಿಲ್ಲವೆನ್ನಬಹುದು. ಟ್ಯಾಂಕಿನಲ್ಲಿ, ರಬ್ಬರ್ ಕೊಳವೆಯಲ್ಲಿ ಉಳಿದ ಅಲ್ಪ ಅಂಶವೇ ಸಾಕು. ತಗುಲಿದ ಮೇಲೆ ಹೊಸ ಎಲೆಗಳು ಕಿರಿದಾಗಿ, ಬೆರಳು ಚಾಚಿದಂತೆ ಸೀಳಿಕೊಂಡು ಬೆಂಡೆಯ ಎಲೆಯನ್ನು ಹೋಲುತ್ತವೆ. ನರಗಳು ಒತ್ತೊತ್ತಾಗಿ ಉದ್ದಕ್ಕೆ ಓಡುತ್ತವೆ. ಜಿಗಿಹುಳುವಿನ ಬಾಧೆಯಾದರೆ ಎಲೆಯ ಅಂಚು ಕೆಳಮುಖವಾಗಿ ಮಡಿಚಿ, ಮೊದಲು ಹಳದಿ, ಆಮೇಲೆ ಕೆಂಪು ಆಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನು. ಬಾಡಿದ ಎಲೆಯನ್ನು ಬಿಡಿಸಿ ಬೆಳಕಿಗೆ ಹಿಡಿದಿದ್ದರೂ ಸಂಶಯ ಬರುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಾನು ತೀರ್ಮಾನಕ್ಕೆ ಬಂದಾಗಿತ್ತು. ಇದಕ್ಕಿಂತ ಕೆಟ್ಟ ಸಂಗತಿ ಬೇರೆ ಇದೆ. ನಾನು ಬರೆದುಕೊಟ್ಟ ಔಷಧಿಯನ್ನು ಅವರು ಎರಡು ಸಲ ಹೊಡೆದದ್ದೂ ಭಾವನ ಪಂಪಿನಲ್ಲಿಯೇ. ಎಣ್ಣೆಯ ರೂಪದ ಕೀಟನಾಶಕಗಳು ಕೊಳವೆಯ ಒಳಗೆ ಅಂಟಿದ ಕಳೆನಾಶಕವನ್ನು ಮತ್ತೆ ಬಿಡಿಸಿ ಹೊರತರಬಲ್ಲವು. ಬೆಳೆ ಚೇತರಿಸಿಕೊಂಡು ಕಾಯಿ ಕಟ್ಟುವ ಹೊತ್ತಿಗೆ ತಡವಾಗಿತ್ತು. ಬಂದ ಫಸಲು ಗೊಬ್ಬರದ ಖರ್ಚಿಗೂ ಸಾಲಲಿಲ್ಲವೆಂದು ಅವರು ಹೇಳಿದರು. ನನ್ನ ಮೇಲೆ ಒಂದು ಕಟುವಾದ ಮಾತೂ ಇಲ್ಲ. "ನಿಮಗ್ಯಾನು ಗೊತ್ತು ಸ್ವಾಮೀ, ನಾನು ಏಳಿದ್ರೆ ತಾನೇ…" ಎಂದರು. ಅವರು ಹೇಳಲು ಹೊರಟಿದ್ದರು. ಬಾಯಿ ಮುಚ್ಚಿಸಿದವನು ನಾನು.

ಇಲ್ಲಿ ಒಂದು ವಿಷಯ ಗಮನಿಸಿ. ನಮಗೆ ಕಲಿಸಿದ ಕ್ರಮದಲ್ಲಿ ಮೊದಲು ಲಕ್ಷಣ, ಆಮೇಲೆ ಕಾರಣ, ಕಡೆಗೆ ಪರಿಹಾರ. ನಮ್ಮ ಕೈಪಿಡಿಗಳೆಲ್ಲ ಹಾಗೆಯೇ ಇವೆ. ಹಳ್ಳಿಯ ಹಿರಿಯರ ಕ್ರಮ ಬೇರೆ. ಅವರು ನಡೆದದ್ದನ್ನು ನಡೆದ ವರಸೆಯಲ್ಲಿ ಹೇಳುತ್ತಾರೆ: ಮಳೆ, ನೆಂಟ, ಪಂಪು, ಹೊಲ. ಬೇಸಾಯದಲ್ಲಿ ಅನೇಕ ತೊಂದರೆಗಳ ಕಾರಣ ಆ ವರಸೆಯಲ್ಲಿಯೇ ಅಡಗಿರುತ್ತದೆ. ಯೂರಿಯಾ ಹಾಕಿದ ಮೇಲೆ ಮಳೆ ಬಂತೋ, ಮಳೆ ಬಂದ ಮೇಲೆ ಯೂರಿಯಾ ಹಾಕಿದರೋ ಎಂಬುದೇ ಉತ್ತರವಾಗಿರುತ್ತದೆ. ಹೇಳುವ ವೇಗ ನಿಧಾನ, ಹೇಳುವ ದಾರಿ ಸುತ್ತು ಎಂದು ನಾವು ಅದನ್ನು ಕತ್ತರಿಸಿದರೆ ಬಿದ್ದುಹೋಗುವುದು ಬಾಲದ ಭಾಗ.

ವೈದ್ಯರ ವಿಷಯದಲ್ಲಿ ಇದನ್ನು ಅಳತೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿ ತನ್ನ ಕಷ್ಟ ಹೇಳಲು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಮಾತು ಹಾಕುತ್ತಾರೆಂದು ಕಂಡುಬಂತು. ಹಾಗಾದರೆ ಸುಮ್ಮನೆ ಕೇಳಿದರೆ ರೋಗಿ ಎಷ್ಟು ಹೊತ್ತು ಮಾತಾಡಿಯಾನು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದನ್ನೂ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. 335 ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟಾಗ ಸರಾಸರಿ 92 ಸೆಕೆಂಡಿಗೆ ಅವರೇ ಮಾತು ಮುಗಿಸಿದರು. ಒಂದೂವರೆ ನಿಮಿಷ! ಧನ್ವಂತ್ರಿ ರಸ್ತೆಯ ದವಾಖಾನೆಗಳಲ್ಲಿ ಯಾರೂ ಹೀಗೆ ಗಡಿಯಾರ ಹಿಡಿದು ಕುಳಿತದ್ದನ್ನು ನಾನು ಕೇಳಿಲ್ಲ. ಕೃಷಿ ಸಲಹೆಯ ಮೇಜಿನ ಹಿಂದೆ ನನ್ನ ಮಟ್ಟಿಗೆ ನಾನು ಕುಳಿತು ನೋಡಿದ್ದೇನೆ. ಎಷ್ಟೇ ಎಳೆದು ಮಾತಾಡುವವರಾದರೂ ನಾಲ್ಕು ನಿಮಿಷ ದಾಟಿದವರು ವಿರಳ.

ನನ್ನ ಕಿವಿ ಏಕೆ ಕೆಟ್ಟಿತು ಎಂಬುದನ್ನೂ ಹೇಳಿಬಿಡುತ್ತೇನೆ. ನಾನೂ ಹಳ್ಳಿಯವನೇ. ಕೃಷಿ ಪದವಿಗೆ ಸೇರಿದ ಮೊದಲ ವರ್ಷ ತರಗತಿಯಲ್ಲಿ 'ಒಲ', 'ಉಳ' ಎಂದು ಹೇಳಿ ಇಡೀ ತರಗತಿಯನ್ನು ನಗಿಸಿದ್ದೆ. ಪಾಠ ಹೇಳುತ್ತಿದ್ದವರೂ ನಕ್ಕರು. ಆರು ತಿಂಗಳಲ್ಲಿ ಹಕಾರ ಕಲಿತೆ, ಎಳೆತ ಬಿಟ್ಟೆ, ವೇಗವಾಗಿ ಮಾತಾಡುವುದನ್ನು ರೂಢಿಸಿಕೊಂಡೆ. ರಜೆಯಲ್ಲಿ ಊರಿಗೆ ಹೋದಾಗ ನಮ್ಮವ್ವ "ಅದ್ಯಾಕ್ಲಾ ಓಡ್ಸ್ಕಂಡು ಬಂದೋನಂಗೆ ಮಾತಾಡ್ತೀಯೆ" ಎಂದಿದ್ದು ಈಗಲೂ ನೆನಪಿದೆ. ಬಿಟ್ಟದ್ದು ನಾಲಿಗೆಯ ರೂಢಿಯನ್ನು ಮಾತ್ರ ಎಂದು ತಿಳಿದಿದ್ದೆ. ಕೇಳುವ ತಾಳ್ಮೆಯೂ ಅದರ ಜೊತೆಗೇ ಹೋಯಿತೆಂದು ಗೊತ್ತಾದದ್ದು ವೀಳ್ಯದೆಲೆಯ ಸಾಲಿನಲ್ಲಿ. ಇಂದಿಗೂ ಚಾಮರಾಜನಗರದ ಕಡೆಯ ವಿದ್ಯಾರ್ಥಿ ಸೆಮಿನಾರಿನಲ್ಲಿ ಎದ್ದು ನಿಂತರೆ ಹಿಂದಿನ ಬೆಂಚಿನಿಂದ ನಗು ಕೇಳುತ್ತದೆ. ಅದನ್ನು ತಡೆಯದ ಅಧ್ಯಾಪಕರು ಮುಂದಿನ ಮೂವತ್ತು ವರ್ಷ ರೈತರ ಮಾತನ್ನು ಕೇಳಲಾರದ ಒಬ್ಬ ಅಧಿಕಾರಿಯನ್ನು ತಯಾರು ಮಾಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಎಳೆತ, ಲಯಗಳ ಮಾತು ಹೀಗಾದರೆ, ಪದಗಳ ಮಾತು ಇನ್ನೂ ಎಚ್ಚರಿಕೆಯದು. ನಮ್ಮ ಕಡಲೆಕಾಯಿ ಹುಬ್ಬಳ್ಳಿಯಲ್ಲಿ ಶೇಂಗಾ, ಮಂಗಳೂರಿನಲ್ಲಿ ನೆಲಗಡಲೆ. ಮೈಸೂರು ಮಂಡ್ಯದವರು 'ಒಟ್ಲು ಪೈರು' ಎನ್ನುವುದನ್ನು ಕರಾವಳಿಯವರು 'ನೇಜಿ' ಎನ್ನುತ್ತಾರೆ. ಹಸಿ ಶುಂಠಿಗೆ ಉತ್ತರದ ಜಿಲ್ಲೆಗಳಲ್ಲಿ 'ಅಲ್ಲ' ಎಂಬ ಹೆಸರಿದೆ. "ಏನು ಹಾಕಿದ್ದೀರಿ?" ಎಂದು ಕೇಳಿದ ನಮ್ಮ ಕಡೆಯ ಅಧಿಕಾರಿಗೆ "ಅಲ್ಲ" ಎಂಬ ಉತ್ತರ ಬಂದರೆ ಅವರು ತಬ್ಬಿಬ್ಬಾಗುವುದು ಸಹಜ. ಇವು ನಕ್ಕು ಮುಗಿಸಬಹುದಾದ ಉದಾಹರಣೆಗಳು. 'ಜೋಳ' ಹಾಗಲ್ಲ. ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ ಇವೆಲ್ಲ ಒಂದೇ ಬೆಳೆಯ ಹೆಸರು. ಬರಿಯ ಜೋಳವೆಂದರೆ ರೊಟ್ಟಿಯ ಬಿಳಿಜೋಳವೂ ಆಗಬಹುದು, ಆತುರದಲ್ಲಿ ಹೇಳಿದ ಮುಸುಕಿನ ಜೋಳವೂ ಆಗಬಹುದು. ಮುಸುಕಿನ ಜೋಳದಲ್ಲಿ ಕಳೆ ಹುಟ್ಟಿದ ಮೇಲೆ ಹೊಡೆಯುವ ಟೆಂಬೋಟ್ರಿಯಾನ್ ಎಂಬ ಕಳೆನಾಶಕ ಬಿಳಿಜೋಳಕ್ಕೆ ಬಿದ್ದರೆ ಎಲೆಗಳು ಬೆಳ್ಳಗಾಗಿ ಪೈರು ಸೊರಗುತ್ತದೆ. ಫೋನಿನಲ್ಲಿ "ಜೋಳಕ್ಕೆ ಕಳೆ ಔಷಧಿ ಯಾವುದು?" ಎಂದು ಕೇಳಿದವರಿಗೆ ಯಾವ ಜೋಳ ಎಂದು ಕೇಳದೆ ಹೆಸರು ಹೇಳುವ ಸಲಹೆಗಾರ ಜೂಜಾಡುತ್ತಿದ್ದಾನೆ.

'ಔಷಧಿ' ಎಂಬ ಪದದ್ದೂ ಇದೇ ಪಾಡು. ಕೀಟಕ್ಕೆ ಹೊಡೆಯುವುದು, ಶಿಲೀಂಧ್ರಕ್ಕೆ ಹೊಡೆಯುವುದು, ಕಳೆಗೆ ಹೊಡೆಯುವುದು, ಹೂ ಕಟ್ಟಲಿ ಎಂದು ಹೊಡೆಯುವುದು ಎಲ್ಲಕ್ಕೂ ಒಂದೇ ಹೆಸರು. ಉತ್ತರ ಕರ್ನಾಟಕದಲ್ಲಿ 'ಎಣ್ಣಿ ಹೊಡೆಯೋದು' ಎನ್ನುತ್ತಾರೆ. ಹೀಗಿರುವಾಗ "ಔಸ್ದಿ ಹೊಡೆದೆ" ಎಂಬಲ್ಲಿಗೆ ನಾವು ಪ್ರಶ್ನೆ ನಿಲ್ಲಿಸಬಾರದು. ಯಾವುದಕ್ಕೆ, ಯಾವ ಡಬ್ಬ, ಯಾವ ಪಂಪಿನಲ್ಲಿ, ಅದಕ್ಕೆ ಮುಂಚೆ ಆ ಪಂಪಿನಲ್ಲಿ ಏನಿತ್ತು ಎಂಬಷ್ಟನ್ನು ಕೇಳಲೇಬೇಕು.

ಮೈಸೂರಿನವರಿಗೆ ಧ್ವನಿಯ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯದಿಂದಲೇ 'ಆಕಾಶವಾಣಿ' ಎಂಬ ಹೆಸರು ನಾಡಿಗೆಲ್ಲ ಹಬ್ಬಿತು. 1960ರ ದಶಕದ ನಡುವಿನಲ್ಲಿ ಬಾನುಲಿಯ ಕೃಷಿ ಕಾರ್ಯಕ್ರಮಗಳು ಬಲಗೊಂಡಾಗ ತಂಜಾವೂರಿನ ರೈತರು ಎಡಿಟಿ-27 ಭತ್ತವನ್ನು 'ರೇಡಿಯೋ ಭತ್ತ'ವೆಂದೇ ಕರೆದರು. ಬಾನುಲಿಯ ಒಂದು ಕೊರತೆಯೆಂದರೆ ಅದು ಹೇಳುತ್ತದೆ, ಕೇಳುವುದಿಲ್ಲ. ನಮ್ಮ ವಿಸ್ತರಣೆ ಬಹು ಕಾಲ ಅದೇ ಅಚ್ಚಿನಲ್ಲಿ ಬೆಳೆಯಿತು. 2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್ ಬಂದ ಮೇಲೆ ರೈತರು ಮಾತಾಡಲು, ಸಲಹೆಗಾರರು ಕೇಳಲು ದಾರಿಯಾಯಿತು. ಮುಂದೆ ಈ ಕೆಲಸಕ್ಕೆ ಯಂತ್ರಗಳೂ ಬರುತ್ತವೆ. ಯಂತ್ರಕ್ಕೆ ಪುಸ್ತಕದ ಕನ್ನಡ ಕಲಿಸಿದರೆ ಅದೂ ನನ್ನಂತೆಯೇ "ಅತ್ತಿ" ಎಂದರೆ ಅತ್ತಿಯ ಮರವೆಂದು ತಿಳಿದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ರೆಸ್ಪಿನ್' ಎಂಬ ಯೋಜನೆಯಡಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಆಯಾ ಪ್ರದೇಶದ ಆಡುನುಡಿಯಲ್ಲಿಯೇ ಸಂಗ್ರಹಿಸುವ ಕೆಲಸ ನಡೆದಿದೆ. ಸಂತೋಷದ ವಿಷಯ. ಯಂತ್ರಕ್ಕೆ ಆಡುನುಡಿ ಕಲಿಸುವಷ್ಟು ಶ್ರಮವನ್ನು ಅಧಿಕಾರಿಗಳಿಗೆ ಕಲಿಸಲೂ ತೆಗೆದುಕೊಂಡರೆ ಇನ್ನೂ ಸಂತೋಷ.

ಈ ಲೇಖನ ಓದಿ ನಮ್ಮ ಇಲಾಖೆಯ ಮಿತ್ರರು ಒಂದು ಆಕ್ಷೇಪ ಎತ್ತುತ್ತಾರೆಂದು ಬಲ್ಲೆ. ಬಿತ್ತನೆಯ ಕಾಲದಲ್ಲಿ ಕೇಂದ್ರದ ಮುಂದೆ ನೂರು ಜನ ನಿಂತಿರುತ್ತಾರೆ, ಒಬ್ಬೊಬ್ಬರ ಭಾವನ ಕಥೆ ಕೇಳುತ್ತ ಕುಳಿತರೆ ಬೀಜ ಹಂಚುವವರು ಯಾರು ಎಂದು. ನ್ಯಾಯವಾದ ಮಾತು. ಬೀಜದ ಚೀಲ ಕೊಡುವ ಕಿಟಕಿಯಲ್ಲಿ ಕಥೆ ಕೇಳಬೇಕೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಎಲೆ ಹಿಡಿದು ಬಂದವರಿಗೆ ಬೇರೆ ಕುರ್ಚಿ ಇರಲಿ. ಎಲ್ಲ ಎಳೆದ ಮಾತಿನ ಕೊನೆಯಲ್ಲೂ ರತ್ನ ಸಿಗುವುದಿಲ್ಲವೆಂಬುದೂ ನನಗೆ ಗೊತ್ತು. ಅರ್ಧ ಗಂಟೆ ಮಾತಾಡಿ, ಕಡೆಗೆ ಸಬ್ಸಿಡಿ ಯಾವಾಗ ಬರುತ್ತದೆಂದು ಕೇಳಿದವರೂ ಇದ್ದಾರೆ. ಆದರೆ ತಪ್ಪು ಸಲಹೆ ಕೊಟ್ಟು ಮೂರು ಸಲ ಔಷಧಿ ಹೊಡೆಸುವುದಕ್ಕಿಂತ ನಾಲ್ಕು ನಿಮಿಷ ಸುಮ್ಮನೆ ಕೂರುವುದು ಅಗ್ಗ.

ತಮ್ಮಲ್ಲೂ ಒಂದೆರಡು ಬಿನ್ನಹ. ನಮ್ಮ ಮುಂದೆ ಬಂದಾಗ ಬಹಳ ಜನ ತಮ್ಮ ಸಹಜವಾದ ಮಾತನ್ನು ಬಿಟ್ಟು ಪೇಪರಿನ ಕನ್ನಡ ಆಡಲು ಹೋಗುತ್ತೀರಿ. ಎಲೆ 'ಜೋಲು ಬಿದ್ದದೆ' ಎನ್ನುವ ಬದಲು "ರೋಗ ತಗುಲಿದೆ ಸಾರ್" ಎನ್ನುತ್ತೀರಿ. ಜೋಲು ಬಿದ್ದಿದೆ ಎಂಬುದರಿಂದ ನಮಗೆ ತಿಳಿಯುವುದು ಹೆಚ್ಚು. ರೋಗವೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ನಾವು. ನಾವು ನಡುವೆ ಬಾಯಿ ಹಾಕಿದರೆ "ಇರ್ಬೌದು" ಎನ್ನಬೇಡಿ. "ತಡೀರಿ, ಇನ್ನೂ ಮುಗಿದಿಲ್ಲ" ಎನ್ನಿ. ಔಷಧಿಯ ಪ್ರಮಾಣ ಹೇಳಿದಾಗ ಅದನ್ನು ತಮ್ಮ ಮಾತಿನಲ್ಲಿಯೇ ನಮಗೆ ತಿರುಗಿ ಒಪ್ಪಿಸಿ: ಲೀಟರಿಗೆಷ್ಟು, ಪಂಪಿಗೆಷ್ಟು, ಎಕರೆಗೆಷ್ಟು ಪಂಪು. ತಪ್ಪಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಪಂಪಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುವುದು ನನ್ನ ಕರ್ತವ್ಯ. ಕಳೆನಾಶಕಕ್ಕೆ ಬೇರೆಯದೇ ಪಂಪು ಇಡುವುದು ಉತ್ತಮ. ಸಾಧ್ಯವಿಲ್ಲದಿದ್ದರೆ, ಹೊಡೆದ ದಿನವೇ ಟ್ಯಾಂಕು, ಕೊಳವೆ, ನಾಜಲ್ ಎಲ್ಲವನ್ನೂ ಮೂರು ಸಲ ಶುದ್ಧ ನೀರಿನಿಂದ ತೊಳೆದು, ವಾಷಿಂಗ್ ಸೋಡ ಕರಗಿಸಿದ ನೀರು ತುಂಬಿಸಿ, ಸ್ವಲ್ಪವನ್ನು ನಾಜಲ್ಲಿನಿಂದ ಹೊರಬಿಟ್ಟು, ಉಳಿದದ್ದನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ಮತ್ತೆ ತೊಳೆಯಬೇಕು. ತೊಳೆದ ನೀರು ಕೆರೆ, ಬಾವಿ, ಕಾಲುವೆಗೆ ಸೇರಕೂಡದು. ಹೀಗೆ ತೊಳೆದ ಮೇಲೂ 2,4-ಡಿ ಕಂಡ ಪಂಪನ್ನು ಹತ್ತಿ, ಟೊಮೇಟೊ, ದ್ರಾಕ್ಷಿಗಳ ಹತ್ತಿರ ತರದಿರುವುದೇ ಕ್ಷೇಮ. ಪಂಪನ್ನು ನೆಂಟರಿಗೆ ಎರವಲು ಕೊಡುವಾಗ ಅದರಲ್ಲಿ ಕಡೆಗೆ ಏನಿತ್ತೆಂದು ಬಾಯಿಬಿಟ್ಟು ಹೇಳಿ ಕೊಡಿ.

ಆ ನವೆಂಬರಿನಿಂದ ನಾನು ಒಂದು ನೋಟುಬುಕ್ಕು ಇಟ್ಟಿದ್ದೇನೆ. ರೈತರು ಹೇಳಿದ್ದನ್ನು ನನ್ನ ಶಾಸ್ತ್ರದ ಭಾಷೆಗೆ ತಿರುಗಿಸದೆ ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳುತ್ತೇನೆ. ಕಳೆದ ವಾರ ಗುಂಡ್ಲುಪೇಟೆಯ ಕಡೆಯ ಒಬ್ಬ ಅರಿಸಿನದ ಬೆಳೆಗಾರರು ಬಸ್ ನಿಲ್ದಾಣದಲ್ಲಿ ಸಿಕ್ಕಿ ಹೇಳಿದ್ದು ಅದರ ಕಡೆಯ ಪುಟದಲ್ಲಿದೆ: "ಬೆಳಿಗ್ಗೆಲ್ಲ ಚೆಂದಾಗದಾ… ಮದ್ದಾನಕ ಮೊಕ ಸಣ್ಣಗ ಮಾಡ್ಕತ್ತದಾ… ಸಂಜಗ ಮತ್ತ ಎದ್ದು ಕೂತ್ಕತ್ತದಾ…" ಬೇರಿಗೆ ನೀರು ಸಾಲದೆಯೋ, ಜಂತುಹುಳು ಬೇರು ಕೊರೆದಿದೆಯೋ, ಗೆಡ್ಡೆ ಕೊಳೆಯಲು ಶುರುವಾಗಿದೆಯೋ, ಇಷ್ಟರಿಂದ ಹೇಳಲು ಬರುವುದಿಲ್ಲ. ಹೊಲದ ತಗ್ಗಿನಲ್ಲೋ ಉಬ್ಬಿನಲ್ಲೋ ಎಂದು ಕೇಳಿದೆ. ಅವರು ಆ ಹೊಲವನ್ನು ತಮ್ಮ ಅಣ್ಣನಿಂದ ಪಾಲಿಗೆ ಪಡೆದ ವರ್ಷದಿಂದ ಹೇಳಲು ಶುರು ಮಾಡಿದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಬುಧವಾರ ಅವರ ಹೊಲಕ್ಕೆ ಹೋಗುವವನಿದ್ದೇನೆ.